ಮಂಡಳಿಗೆ ಬಿಟ್ಟ ಬಿಳಿ ನಾಯಿ

ಗ್ಲಫೀರ ನಿಕಂದ್ರೊವ್ನಾ ಆ ಹೊತ್ತಿಗೆ ಐದು ಸಿನಿಮಾಗಳಲ್ಲಿ ಕಾಣಿಸಿಕೊಂಡಿದ್ದಳು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ನಿಜವಾಗಿ ಕಾಣಿಸಿಕೊಂಡದ್ದು ಅವಳ ಬೆನ್ನು. ಮೂರರಲ್ಲಿ ರೊಟ್ಟಿಯ ಸಾಲಿನಲ್ಲಿ ನಿಂತಿದ್ದಳು, ಒಂದರಲ್ಲಿ ಶವದ ಹಿಂದೆ ನಡೆದಿದ್ದಳು. ಐದನೆಯದರಲ್ಲಿ ಮಾತ್ರ "ಅಯ್ಯೋ, ರೈಲು ಹೊರಟೇ ಹೋಯ್ತಲ್ಲಪ್ಪಾ!" ಎಂಬ ಒಂದು ಮಾತಿತ್ತು. ಆ ಸಿನಿಮಾ ಅವಳ ಊರು ಜರೇಚ್ನಿಗೆ ಬಂದಾಗ ನಾಟಕಶಾಲೆಯವರೆಲ್ಲ ಎರಡು ಸಾಲು ಹಿಡಿದು ಕೂತು ಕಾದರು. ರೈಲು ಹೋಯಿತು, ಮಾತು ಬರಲಿಲ್ಲ. ಯಾರೋ ಕತ್ತರಿಸಿ ಎಸೆದಿದ್ದರು.

ಅವಳಿಗೆ ಐವತ್ತೊಂಬತ್ತಾಗಿತ್ತು. ವೋಲ್ಗಾ ದಡದ ಆ ಸಣ್ಣ ಊರಿನ ನಾಟಕಶಾಲೆಯಲ್ಲಿ ಮೂವತ್ತಾರು ವರ್ಷ ರಾಜಕುಮಾರಿಯರ ದಾದಿಯಾಗಿ, ಮದುವೆ ಕುದುರಿಸುವವಳಾಗಿ, ಸೊಸೆಯ ಮೇಲೆ ಹಾರಾಡುವ ಅತ್ತೆಯಾಗಿ ಸವೆದಿದ್ದಳು. ನಾಟಕದಲ್ಲಿ ಆಡಿದ್ದು ಪರದೆ ಬಿದ್ದ ಕೂಡಲೇ ಮುಗಿಯಿತು. ನೋಡಿದವರು ಮನೆಗೆ ಹೋಗಿ ಕೋಸಿನ ಸಾರು ಕುಡಿದು ಮರೆಯುತ್ತಾರೆ. ಸಿನಿಮಾದಲ್ಲಿ ಒಂದೇ ಒಂದು ಸಲ, ಮುಖ ಮತ್ತು ದನಿ ಎರಡೂ ಸೇರಿ ಉಳಿಯಬೇಕು ಎಂಬುದು ಅವಳ ಆಸೆ. ದೊಡ್ಡ ಆಸೆಯೇನಲ್ಲ, ಆದರೆ ಅದನ್ನು ಬಿಟ್ಟು ಇನ್ನೊಂದು ಇರಲಿಲ್ಲ.

ಹಾಗಿರುವಾಗ ಮಾಸ್ಕೋದಿಂದ ಲ್ಯಾಲಿನ್ ಬಂದ. ಮೂವತ್ತನಾಲ್ಕು ವರ್ಷದ ನಿರ್ದೇಶಕ, ಗಡ್ಡ ಇನ್ನೂ ಪೂರ್ತಿ ಕೂಡಿರಲಿಲ್ಲ. ಅಜ್ಜಿಕತೆಗಳನ್ನು ಕಲಸಿ ಅವನೊಂದು ನಗೆಸಿನಿಮಾ ಹೂಡಿದ್ದ, 'ಕಾಡಿನ ಕಚೇರಿ' ಅಂತ. ಸಾವಿಲ್ಲದ ಮಾಂತ್ರಿಕ ಕಶ್ಚೇಯ್ ಅದರಲ್ಲಿ ಅರಣ್ಯ ವ್ಯವಹಾರಗಳ ಮುಖ್ಯಸ್ಥ. ಅವನ ಪ್ರಾಣವಿರುವುದು ಸೂಜಿಯಲ್ಲಿ, ಸೂಜಿಯಿರುವುದು ಮೊಟ್ಟೆಯಲ್ಲಿ, ಮೊಟ್ಟೆಯಿರುವುದು ಕಚೇರಿಯ ತಿಜೋರಿಯಲ್ಲಿ; ತಿಜೋರಿಯ ಬೀಗದ ಕೈ ರಜೆಯ ಮೇಲೆ ಹೋದ ಗುಮಾಸ್ತನ ಹತ್ತಿರ. ಹೀರೋ ಪೆದ್ದ ಇವಾನ್ ಕುದುರೆ ಏರಿ ಯುದ್ಧಕ್ಕೆ ಹೋಗುವುದಿಲ್ಲ, ಅರ್ಜಿ ಹಿಡಿದು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅಲೆಯುತ್ತಾನೆ. ಕೋಳಿಕಾಲಿನ ಗುಡಿಸಲಿನ ಮುದುಕಿ ಬಾಬಾ ಯಗಾಳಿಗೂ ಅಲ್ಲಿ ಕೆಲಸವಿದೆ. ಗುಡಿಸಲು ತನ್ನ ಪಾಡಿಗೆ ತಾನು ಓಡಾಡುತ್ತದಾದ್ದರಿಂದ ಖಾಯಂ ವಿಳಾಸವಿಲ್ಲ, ವಿಳಾಸವಿಲ್ಲದ್ದರಿಂದ ಅವಳ ಕಾಗದಕ್ಕೆ ಮುದ್ರೆಯಿಲ್ಲ. ಕಿಟಕಿಯ ಮುಂದೆ ನಿಂತು ಅವಳು ಒಬ್ಬಳೇ ನಾಲ್ಕು ನಿಮಿಷ ಮಾತಾಡಬೇಕು. ಕಿಟಕಿಯಾಚೆಯಿಂದ ಬರುವುದು ಮುದ್ರೆ ಹಿಡಿದ ಒಂದು ಕೈ ಮಾತ್ರ.

ನಾಲ್ಕು ನಿಮಿಷ! ಗ್ಲಫೀರ ತನಗೆ ಸಿಕ್ಕ ಯಗಾಳ ಮಾತಿನ ಕಾಗದವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡೇ ಆಲೂಗಡ್ಡೆ ಸುಲಿದಳು.

"ಇನ್ನೊಂದು ಪಾತ್ರ ಉಳಿದಿದೆ," ಎಂದ ಲ್ಯಾಲಿನ್, ಅವಳ ಕೋಣೆಯಲ್ಲಿ ಚಹಾ ಕುಡಿಯುತ್ತ. "ಹಳ್ಳಿ ಮನೆಯ ದೊಡ್ಡ ಇಟ್ಟಿಗೆ ಒಲೆ ಮೇಲೆ ಬೆಚ್ಚಗೆ ಮಲಗಿರೋ ಮನೆಭೂತ. ಮುದುಕ ಬೇಕು. ಎದ್ದು ಓಡಾಡೋ ಕೆಲಸ ಏನೂ ಇಲ್ಲ."

"ಓಡಾಡೋದು ಬೇಡ ಅಂದ್ರೆ ನಮ್ಮ ಅವ್ದೇಯ್ ಇದ್ದಾನೆ," ಎಂದಳು ಗ್ಲಫೀರ. "ಅವನಷ್ಟು ಚೆನ್ನಾಗಿ ಮಲಗೋರು ಮಾಸ್ಕೋದಲ್ಲೂ ಸಿಕ್ಕಲ್ಲ."

ಅವ್ದೇಯ್ ಫೋಮಿಚ್ ಯುದ್ಧಕ್ಕೆ ಮುಂಚೆ ಅದೇ ನಾಟಕಶಾಲೆಯ ರಾಜಕುಮಾರ. ನಲವತ್ತಮೂರನೆಯ ಇಸವಿಯಲ್ಲಿ, ಯುದ್ಧದಲ್ಲಿ, ಬಲಗಾಲು ಮೊಣಕಾಲಿಂದ ಮೇಲಕ್ಕೆ ಹೋಯಿತು. ವಾಪಸು ಬಂದವನಿಗೆ ವೇದಿಕೆಯ ಮುಂದಿನ ಗುಂಡಿಯಲ್ಲಿ ಕೂತು, ನಟರು ಮರೆತ ಮಾತನ್ನು ಪಿಸುದನಿಯಲ್ಲಿ ನೆನಪಿಸುವ ಕೆಲಸ ಕೊಟ್ಟರು. ಇಪ್ಪತ್ತೈದು ವರ್ಷ ಅವನು ಬೇರೆಯವರ ಮಾತನ್ನು ಬೇರೆಯವರಿಗೆ ಹೇಳಿಕೊಟ್ಟ. ಜನರ ಕಣ್ಣಿಗೆ ಬೀಳಲಿಲ್ಲ. ಗ್ಲಫೀರಳ ಗಂಡ ತೀರಿಕೊಂಡ ಮೇಲೆ ಪ್ರತಿ ಭಾನುವಾರ ಅವಳಲ್ಲಿಗೆ ಚಹಾಕ್ಕೆ ಬರುತ್ತಿದ್ದ. ಮದುವೆಯ ಮಾತು ಇಬ್ಬರೂ ಎತ್ತಿರಲಿಲ್ಲ. ಎತ್ತಿದ್ದರೆ ಭಾನುವಾರ ಕೆಡುತ್ತಿತ್ತೇನೋ.

ಲ್ಯಾಲಿನ್ ಊರಾಚೆಯ ಹಳೇ ಮರದ ಮನೆಯೊಂದರಲ್ಲಿ ಒಲೆಯ ದೃಶ್ಯ ತೆಗೆದ. ಮನೆಭೂತ ಒಲೆಯ ಮೇಲೆ ಮಲಗಿಕೊಂಡೇ, ಆ ಮನೆಯಿಂದ ಎದ್ದು ಹೋಗಿ ತಿರುಗಿ ಬರದವರ ಹೆಸರುಗಳನ್ನು ಇವಾನನಿಗೆ ಹೇಳುತ್ತಾನೆ, ಅಷ್ಟೆ. ಎರಡು ನಿಮಿಷ. ಅವ್ದೇಯ್ ಹೇಳಿ ಮುಗಿಸಿದಾಗ ದೀಪ ಹಿಡಿದವನು ದೀಪ ಆರಿಸುವುದನ್ನೇ ಮರೆತ. ಒಲೆಯಿಂದ ಇಳಿಸುವಾಗ ಅವ್ದೇಯ್ ಹುಡುಗನಂತೆ ಕೆಂಪಾಗಿದ್ದ.

"ಹೆಂಗಿತ್ತು ಗ್ಲಾಶ?" ಎಂದ; ಗ್ಲಫೀರಳನ್ನು ಅವನು ಕರೆಯುತ್ತಿದ್ದದ್ದು ಹಾಗೆ.

"ನಿನ್ನ ಕೆಲಸವೇ ಅಲ್ವಾ ಅದು, ಮಲಗೋದು," ಎಂದಳು. ಹೇಳಬೇಕಾದ್ದು ಅದಲ್ಲ ಎಂದು ಅವಳಿಗೂ ಗೊತ್ತಿತ್ತು, ಆದರೆ ಬಾಯಿಗೆ ಬಂದದ್ದು ಅದು.

ಅವಳ ದೃಶ್ಯ ಮಾತ್ರ ಮಾಸ್ಕೋದ ಸ್ಟುಡಿಯೋದಲ್ಲಿ. ಅಲ್ಲಿ ಹಾಕಿದ್ದ ಕೋಳಿಕಾಲುಗಳು ಇವಳಿಗಿಂತ ಎತ್ತರ. ಚಿತ್ರೀಕರಣದ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ರಿಮ್ಮ ಪಕ್ಕದಲ್ಲಿ ಕೂತಳು. ಸಿನಿಮಾದ ಕತ್ತರಿ ಕೆಲಸ ಅವಳದು, ಮೂರು ವಾರದಿಂದ ಗ್ಲಫೀರಳನ್ನು ಅತ್ತೆ ಅನ್ನುತ್ತಿದ್ದಳು. ಬಟ್ಟಲಿನ ತುಂಬ ಗಂಜಿ ಇಟ್ಟುಕೊಂಡು ಅವಳು ಕೈಯಾಡಿಸುತ್ತಲೇ ಇದ್ದಳು, ತಿನ್ನಲಿಲ್ಲ.

"ಗ್ಲಾಶತ್ತೆ, ಒಂದು ಹೇಳ್ತೀನಿ, ನನ್ನ ಹೆಸರು ಎತ್ತಬೇಡಿ. ನಿಮ್ಮ ದೃಶ್ಯ ನಾಯಿ."

"ಏನಂದೆ?"

"ಬಿಳಿ ನಾಯಿ. ನಮ್ಮಲ್ಲಿ ಹಾಗಂತೀವಿ. ಯಾರೋ ಚಿತ್ರಕಾರ ದೊಡ್ಡ ಚಿತ್ರದ ಮೂಲೇಲಿ ಬೇಕಂತಲೇ ಒಂದು ಬಿಳಿ ನಾಯಿ ಬರೀತಿದ್ದನಂತೆ. ನೋಡೋಕೆ ಬಂದ ಅಧಿಕಾರಿಗಳೆಲ್ಲ 'ಈ ನಾಯಿ ಯಾಕೆ ಇಲ್ಲಿ? ತೆಗೀರಿ' ಅನ್ನೋರು. ಅವನು ಸ್ವಲ್ಪ ಜಗಳ ಆಡಿ, ಅತ್ತು ಕರೆದು, ಅಳಿಸೋನು. ಬೇರೇದನ್ನ ಯಾರೂ ಮುಟ್ತಿರಲಿಲ್ಲ. ಸಿನಿಮಾ ನೋಡಿ ಒಪ್ಪಿಗೆ ಕೊಡೋ ಕಲಾ ಮಂಡಳಿಯವರಿಗೆ ಏನಾದ್ರೂ ಒಂದು ಕತ್ತರಿಸ್ಲೇಬೇಕು ಅತ್ತೆ. ಅದಕ್ಕೆ ಪ್ರತಿ ಸಿನಿಮಾಕ್ಕೂ ಒಂದು ನಾಯಿ ಇಡ್ತಾರೆ."

ಗ್ಲಫೀರ ಕಾಗದ ತೆಗೆದು ಮತ್ತೆ ಓದಿದಳು. ಯಗಾ ಪೊರಕೆಯಿಂದ ಕಿಟಕಿ ಬಡಿಯುತ್ತಾಳೆ, ರಕ್ತ ಹೀರುವ ಕಾಗದದ ಹುಳುಗಳೇ ಎಂದು ಚೀರುತ್ತಾಳೆ, ನಿಮ್ಮ ಕಚೇರಿಗೆ ಬೆಂಕಿ ಬೀಳ ಎಂದು ಶಪಿಸುತ್ತಾಳೆ. ಪಾತ್ರ ಎಂಥ ಖಾರವಾಗಿದೆ ಎಂದು ಇಷ್ಟು ದಿನ ಹಿಗ್ಗಿದ್ದಳು. ಈಗ ನೋಡಿದರೆ ಕುರುಡನಿಗೂ ಕಾಣಲಿ ಎಂದೇ ಬರೆದದ್ದು. ಅವಳಿಗೆ ಎಂಥ ಸಿಟ್ಟು ಬಂತೆಂದರೆ, ರಿಮ್ಮಳ ಗಂಜಿಯನ್ನೂ ತಾನೇ ತಿಂದು ಮುಗಿಸಿದಳು.

"ಲ್ಯಾಲಿನ್‌ಗೆ ಯಾವುದು ಉಳೀಬೇಕಂತೆ?"

"ಒಲೆ ಅಜ್ಜ. ಅದಕ್ಕಾಗಿಯೇ ಸಿನಿಮಾ ಮಾಡ್ತಿರೋದು ಅವನು."

ಅದು ಕೇಳಿ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಅವ್ದೇಯ್‌ನ ಮೇಲೆ ಅವಳಿಗೆ ಪ್ರೀತಿಯಿತ್ತು ನಿಜ, ಆದರೆ ಅವನಿಗಾಗಿ ಬೊಗಳಿ ಏಟು ತಿನ್ನುವ ನಾಯಿಯಾಗಲು ಅವಳು ಟಿಕೆಟ್ಟು ತೆಗೆಸಿಕೊಂಡು ಬಂದಿರಲಿಲ್ಲ.

ಬಣ್ಣ ಹಚ್ಚುವವಳ ಮುಂದೆ ಕೂತು ಯೋಚಿಸಿದಳು. ಚೀರಿದರೆ ಮಂಡಳಿಗೆ ಸಿಕ್ಕಿಬೀಳುತ್ತೇನೆ. ಚೀರದೆ ಇದ್ದರೆ? ಕಚೇರಿಯ ಕಿಟಕಿಯ ಮುಂದೆ ನಿಜವಾಗಿ ಯಾರು ಚೀರುತ್ತಾರೆ? ಅವಳು ಕಂಡ ಹಾಗೆ ಯಾರೂ ಇಲ್ಲ. ಆಗ ಅವ್ದೇಯ್‌ನ ಏಪ್ರಿಲ್ ತಿಂಗಳು ನೆನಪಾಯಿತು.

ಕಾಲು ಹೋದವನೆಂಬ ಅವನ ಕಾಗದಕ್ಕೆ ಒಂದೇ ವರ್ಷದ ಆಯಸ್ಸು. ಪ್ರತಿ ಏಪ್ರಿಲ್ ಅವನು ವೈದ್ಯರ ಸಮಿತಿಯ ಮುಂದೆ ಹೋಗಿ, ಕಾಲು ಇನ್ನೂ ಇಲ್ಲ ಎಂದು ತೋರಿಸಿ, ಮುದ್ರೆ ಹಾಕಿಸಿಕೊಂಡು ಬರಬೇಕು. ಟೈ ಕಟ್ಟಿಕೊಂಡು ಹೋಗುತ್ತಿದ್ದ. ಪ್ಯಾಂಟನ್ನು ಮಡಿಕೆ ಮಡಿಕೆಯಾಗಿ ಮೇಲಕ್ಕೆ ಸುತ್ತಿ, "ಕ್ಷಮಿಸ್ಬೇಕು ಡಾಕ್ಟ್ರೇ, ಈ ವರ್ಷವೂ ಬೆಳೀಲಿಲ್ಲ. ನಾನಂತೂ ಅದಕ್ಕೆ ಅಡ್ಡಿ ಮಾಡಿಲ್ಲ," ಎನ್ನುತ್ತಿದ್ದ. ಡಾಕ್ಟರು ಒಂದು ಸಲವೂ ತಲೆಯೆತ್ತಿದ್ದಿಲ್ಲ. ಆಮೇಲೆ ಭಾನುವಾರ ಚಹಾದ ಹೊತ್ತಿಗೆ ಅವನು ಅದನ್ನು ಹಾಗೇ ಆಡಿ ತೋರಿಸುತ್ತಿದ್ದ, ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದರು. ಎಲ್ಲರೆದುರು ಆಡುತ್ತಿರಲಿಲ್ಲ. ಅದು ಅವಳಿಗೊಬ್ಬಳಿಗೆ.

ಯಗಾಳದ್ದೂ ಮೂಳೆಕಾಲು ತಾನೆ, ಮಾಂಸವಿಲ್ಲದ್ದು. ಕತೆಯಲ್ಲೇ ಹಾಗಿದೆ.

ಕ್ಯಾಮೆರಾ ಓಡತೊಡಗಿದಾಗ ಗ್ಲಫೀರ ಪೊರಕೆಯನ್ನು ಗೋಡೆಗೆ ಒರಗಿಸಿಟ್ಟಳು. ತಲೆವಸ್ತ್ರ ಸರಿಮಾಡಿಕೊಂಡಳು. ಲಂಗದ ಅಂಚನ್ನು ಮಡಿಕೆ ಮಡಿಕೆಯಾಗಿ ಮೊಣಕಾಲಿನವರೆಗೆ ಸುತ್ತಿ ಮೂಳೆಕಾಲನ್ನು ಕಿಟಕಿಯತ್ತ ಸ್ವಲ್ಪ ಚಾಚಿದಳು. "ಕ್ಷಮಿಸ್ಬೇಕು ಸ್ವಾಮಿ, ಮುನ್ನೂರು ವರ್ಷದಿಂದ ಬರ್ತಿದೀನಿ, ಈ ವರ್ಷವೂ ಬೆಳೀಲಿಲ್ಲ," ಎಂದು ಶುರುಮಾಡಿದಳು. ಒಂದು ಗಟ್ಟಿ ಮಾತಿಲ್ಲ. ಸಂಕೋಚ ಅವಳದೇ, ಸಮಾಧಾನ ಹೇಳುವವಳೂ ಅವಳೇ. ಕೈ ಬಂದು ಮುದ್ರೆ ಒತ್ತಿ ಹೋಯಿತು. "ಬದುಕಿದೆ," ಎಂದು ಲಂಗ ಇಳಿಬಿಟ್ಟು, "ಮುಂದಿನ ವರ್ಷಕ್ಕೆ ಪ್ರಯತ್ನ ಮಾಡ್ತೀನಿ," ಎಂದಳು.

"ಇದೇನಿದು?" ಲ್ಯಾಲಿನ್ ಧಾವಿಸಿ ಬಂದ. "ಗ್ಲಫೀರ ನಿಕಂದ್ರೊವ್ನಾ, ಬೈಗುಳ ಎಲ್ಲಿ? ಬೆಂಕಿ ಎಲ್ಲಿ?"

"ಮರೆತುಹೋಯ್ತಪ್ಪ. ವಯಸ್ಸಾಯ್ತು."

"ಮೂವತ್ತಾರು ವರ್ಷ ನಾಟಕ ಆಡಿದೋರು ನೀವು!"

"ಅಲ್ಲಿ ನೆನಪಿಸೋಕೆ ಅವ್ದೇಯ್ ಇರ್ತಾನೆ."

ಇನ್ನೊಂದು ಸಲ ತೆಗೆಯೋಣವೆಂದರೆ ಐದು ಗಂಟೆಗೆ ಆ ಜಾಗವನ್ನು ಬೇರೆ ಸಿನಿಮಾದವರಿಗೆ ಬಿಟ್ಟುಕೊಡಬೇಕಿತ್ತು. ಬಡಗಿಗಳು ಆಗಲೇ ಒಂದು ಕೋಳಿಕಾಲನ್ನು ಬಿಚ್ಚತೊಡಗಿದ್ದರು. ಲ್ಯಾಲಿನ್ ಕೈಚೆಲ್ಲಿದ.

ಮಂಡಳಿ ಸಿನಿಮಾ ನೋಡಿದ್ದು ಸೆಪ್ಟೆಂಬರಿನಲ್ಲಿ. ಅಂಚೆ ಕಚೇರಿಗೆ ಬಂದು ಮಾಸ್ಕೋದ ಕರೆ ತೆಗೆದುಕೊಳ್ಳಿ ಎಂದು ಗ್ಲಫೀರಳಿಗೆ ಚೀಟಿ ಬಂತು. ಮೂರನೆಯ ಗೂಡಿನಲ್ಲಿ ನಿಂತು ಫೋನು ಕಿವಿಗೆ ಒತ್ತಿಕೊಂಡಳು. ಅತ್ತ ರಿಮ್ಮ.

"ಗ್ಲಾಶತ್ತೆ, ಉಳೀತು! ನಿಮ್ಮದು ಉಳೀತು! ಒಬ್ರೂ ನಗಲಿಲ್ಲ, ಒಬ್ರೂ ಕೆಮ್ಮಲಿಲ್ಲ. ದೀಪ ಹಾಕಿದ ಮೇಲೆ ಅಧ್ಯಕ್ಷ ಚೆಪುರೊವ್ 'ಯಗಾ ದೃಶ್ಯದ ಬಗ್ಗೆ ಯಾರಿಗಾದ್ರೂ ಏನಾದ್ರೂ ಅನ್ನಿಸ್ತಾ?' ಅಂದ. ಎಲ್ರೂ ಅವರವರ ಪೆನ್ಸಿಲ್ ನೋಡ್ಕೊಂಡು ಕೂತ್ರು."

"ಯಾಕೆ?"

"ಇದು ನಮ್ಮ ವೈದ್ಯರ ಸಮಿತಿ ಥರ ಇದೆ ಅಂತ ಬಾಯಿ ಬಿಟ್ರೆ, 'ನಮ್ಮದು ಅಂತ ನಿಮಗ್ಯಾಕೆ ಅನ್ನಿಸ್ತು?' ಅಂತ ಕೇಳ್ತಾರಲ್ಲ. ಯಾರು ಹೇಳ್ತಾರೆ? ಕಾಡಿನ ಮುದುಕಿ, ಮೂಳೆಕಾಲು. ಅಷ್ಟೇ ಅಂತ ಬಿಟ್ಟುಬಿಟ್ರು."

ಗ್ಲಫೀರ ಗೂಡಿನ ಗಾಜಿಗೆ ಹಣೆ ಹಚ್ಚಿ ನಕ್ಕಳು. ಆದರೆ ರಿಮ್ಮ ನಗಲಿಲ್ಲ.

"ಏನೂ ಕತ್ತರಿಸದೆ ಮೇಲಕ್ಕೆ ಕಳಿಸಿದ್ರೆ ಮಂಡಳಿ ನಿದ್ದೆ ಮಾಡ್ತಿತ್ತು ಅಂತಾಗುತ್ತೆ. 'ಒಲೆಯ ಮೇಲೆ ಮಲಗಿರುವ ವೃದ್ಧ ಏನು ಉದ್ಯೋಗ ಮಾಡುತ್ತಾನೆಂದು ಸ್ಪಷ್ಟವಿಲ್ಲ, ತೆಗೆಯತಕ್ಕದ್ದು' ಅಂತ ಬರೆದಿದಾರೆ."

"ಅವ್ದೇಯ್‌ನಾ?"

"ಹೂಂ. ಕೇಳಿ ಇಲ್ಲಿ. ಲ್ಯಾಲಿನ್ ತಾನಾಗಿ ಯಗಾನ ಕತ್ತರಿಸ್ತೀನಿ ಅಂದ್ರೆ ಚೆಪುರೊವ್ ಅಜ್ಜನ್ನ ಉಳಿಸ್ತಾನೆ. ಅವನಿಗೂ ಅದೇ ಹಗುರ. ಲ್ಯಾಲಿನ್‌ಗೆ ಈಗ ಎರಡೂ ಬೇಕು, ಯಾವುದನ್ನ ಕತ್ತರಿಸೋಕೂ ಕೈ ಬರ್ತಿಲ್ಲ. ನಿಮ್ಮನ್ನೇ ಕೇಳು ಅಂದ. ನೀವು ಏನಂತೀರೋ ಹಾಗೆ."

ಗಾಜಿನಾಚೆ ಒಬ್ಬಳು ಹೆಂಗಸು ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದಳು. ಗ್ಲಫೀರ ಆ ದಾರವನ್ನೇ ನೋಡಿದಳು. ಒಲೆಯಿಂದ ಇಳಿದ ಅವ್ದೇಯ್‌ನ ಕೆಂಪು ಮುಖ ಕಣ್ಣ ಮುಂದೆ ಬಂತು. ಬರಲಿಲ್ಲ ಎಂದು ಸುಳ್ಳು ಹೇಳುವುದು ಬೇಡ. ಬಂತು, ಚೆನ್ನಾಗಿಯೇ ಬಂತು. ಆದರೂ ಅವಳ ಬಾಯಿಂದ ಹೊರಟದ್ದು ಇದು:

"ಮಂಡಳಿ ಬರೆದ ಹಾಗೇ ಇರ್ಲಿ ಬಿಡು."

"ಸರಿ ಅತ್ತೆ," ಎಂದಳು ರಿಮ್ಮ. ದನಿಯಲ್ಲಿ ಏನೂ ಇರಲಿಲ್ಲ. ಏನಾದರೂ ಇದ್ದಿದ್ದರೆ ಗ್ಲಫೀರ ಜಗಳವಾಡಿ ಹಗುರಾಗುತ್ತಿದ್ದಳು.

ಅಂದಿನಿಂದ ಹತ್ತು ಭಾನುವಾರ ಅವ್ದೇಯ್ ಚಹಾಕ್ಕೆ ಬಂದ. ಹತ್ತು ಸಲವೂ ಅವಳು ಹೇಳಬೇಕೆಂದುಕೊಂಡಳು, ಹತ್ತು ಸಲವೂ ಜಾಮ್ ಬಡಿಸಿದಳು. ಅವನು ನಾಟಕಶಾಲೆಯವರಿಗೆಲ್ಲ, ಬಾಗಿಲು ಕಾಯುವವಳಿಗೂ ಸೇರಿ, ಸಿನಿಮಾಕ್ಕೆ ಬರಲೇಬೇಕೆಂದು ಹೇಳಿಟ್ಟಿದ್ದ. ಕೊಸ್ತ್ರೊಮಾದಲ್ಲಿದ್ದ ತಂಗಿಗೆ ಪತ್ರ ಬರೆದಿದ್ದ. ಕತ್ತರಿಸಿದ್ದಾರಂತೆ ಎಂದಷ್ಟೇ ಹೇಳಿದರೆ ಮುಗಿಯುತ್ತಿತ್ತು, ಯಾರು ಹೂಂ ಅಂದರು ಎಂದು ಅವನು ಕೇಳುತ್ತಲೂ ಇರಲಿಲ್ಲ.

ಡಿಸೆಂಬರ್ ಮೊದಲ ಶನಿವಾರ ಸಿನಿಮಾ ಊರಿಗೆ ಬಂತು. ಮಂಡಳಿಯವರು ದೃಶ್ಯ ತೆಗೆಸಿದ್ದರೇ ಹೊರತು ಹೆಸರು ತೆಗೆಸುವುದನ್ನು ಮರೆತಿದ್ದರು. ಪರದೆಯ ಮೇಲೆ ಕೊರೆದ ಮರದಂಥ ಅಕ್ಷರಗಳಲ್ಲಿ 'ಮನೆಭೂತ' ಎಂದೂ ಅದರ ಪಕ್ಕದಲ್ಲಿ ಅವ್ದೇಯ್‌ನ ಪೂರ್ತಿ ಹೆಸರೂ ಬಂದವು. ಮೂರು ಸಾಲು ಚಪ್ಪಾಳೆ ತಟ್ಟಿತು. ತಂಗಿ ಅವನ ತೋಳು ಹಿಂಡಿದಳು. ಅವನು ಬೆನ್ನು ನೆಟ್ಟಗೆ ಮಾಡಿ ಕೂತ.

ಆಮೇಲೆ ಇಡೀ ಸಾಲು ಅವನಿಗಾಗಿ ಕಾಯಿತು. ಇವಾನ್ ಮನೆಯೊಳಗೆ ಬಂದ, ಒಲೆಯತ್ತ ತಲೆಯೆತ್ತಿದ, ಮರುಕ್ಷಣ ಕಾಡಿನಲ್ಲಿದ್ದ. "ಮುಂದೆ ಬರಬಹುದು," ಎಂದು ಬಾಗಿಲು ಕಾಯುವವಳು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಮುಂದೆ ಬಂದದ್ದು ಯಗಾ. ಲಂಗ ಮಡಿಕೆ ಮಡಿಕೆಯಾಗಿ ಮೇಲೇರಿತು. ಮೊದಲು ಒಬ್ಬರು ನಕ್ಕರು, ಆಮೇಲೆ ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಊರುಗೋಲು ಹಿಡಿದ ಇಬ್ಬರು ನೆಲ ಕುಟ್ಟಿ ನಕ್ಕರು. ಮೂವತ್ತಾರು ವರ್ಷದಲ್ಲಿ ಗ್ಲಫೀರ ಅಂಥ ನಗುವನ್ನು ಕೇಳಿರಲಿಲ್ಲ. ಅವಳು ಕತ್ತಲಲ್ಲಿ ಪಕ್ಕಕ್ಕೆ ನೋಡಿದಳು. ಅವ್ದೇಯ್‌ನ ಎರಡೂ ಕೈ ಅವನ ಮರಗಾಲಿನ ಮೊಣಕಾಲ ಮೇಲಿದ್ದವು.

ದೀಪ ಬಂದಾಗ ಜನ ಅವಳನ್ನು ಮುತ್ತಿಕೊಂಡರು. ಅವ್ದೇಯ್ ಗುಂಪು ಕರಗುವವರೆಗೆ ಕಾದು ಬಂದ.

"ಚೆನ್ನಾಗಿ ಮಾಡಿದೀಯ ಗ್ಲಾಶ," ಎಂದ. "ಪ್ಯಾಂಟ್ ಸುತ್ತೋದು ಎಡಗೈಯಿಂದ. ನೀನು ಬಲಗೈಯಿಂದ ಸುತ್ತಿದೆ. ಬೇರೇದೆಲ್ಲ ಸರಿಯಾಗಿದೆ." ತಂಗಿಯ ತೋಳು ಹಿಡಿದು ಮೆಟ್ಟಿಲಿಳಿದ.

ಮರುದಿನ ಭಾನುವಾರ. ಅವನು ಬರಲಿಲ್ಲ. ಆಮೇಲಿನ ಭಾನುವಾರವೂ ಇಲ್ಲ. ನಾಟಕಶಾಲೆಯಲ್ಲಿ ಎಂದಿನಂತೆ ಗುಂಡಿಯಲ್ಲಿ ಕೂತು ಮಾತು ನೆನಪಿಸುತ್ತಿದ್ದ. ಒಂದು ಸಲ ಅವಳು ನಿಜವಾಗಿ ಮರೆತಾಗ ಬೇರೆಯವರಿಗೆ ಹೇಳುವುದಕ್ಕಿಂತ ಬೇಗ ಹೇಳಿಕೊಟ್ಟ. ಬೀದಿಯಲ್ಲಿ ಮಕ್ಕಳು ಅವಳನ್ನು ಕಂಡು "ಯಗಾ! ಯಗಾ!" ಎಂದು ಲಂಗ ಎತ್ತಿ ತೋರಿಸುತ್ತಿದ್ದರು. ಮಾಂಸದಂಗಡಿಯವನು ಮೂಳೆಯಿಲ್ಲದ ತುಂಡು ಕೊಟ್ಟು ಕಣ್ಣು ಮಿಟುಕಿಸಿದ. ಬೇಕಾಗಿದ್ದದ್ದು ಸಿಕ್ಕಿತ್ತು, ಅದರ ಸವಿಯೂ ಇತ್ತು, ಇಲ್ಲವೆಂದರೆ ತಪ್ಪಾಗುತ್ತದೆ. ಭಾನುವಾರ ಮಾತ್ರ ಅವಳು ಎರಡು ಲೋಟ ಇಡುತ್ತಿದ್ದಳು, ಆಮೇಲೆ ಒಂದನ್ನು ಎತ್ತಿ ಒಳಗಿಡುತ್ತಿದ್ದಳು.

ಏಪ್ರಿಲ್ ಹನ್ನೊಂದರಂದು, ಅದು ಭಾನುವಾರವೂ ಅಲ್ಲ, ಅವ್ದೇಯ್ ಬಾಗಿಲು ತಟ್ಟಿದ. ಟೈ ಕಟ್ಟಿದ್ದ. ಒಳಗೆ ಬಂದು ಕೋಟು ತೆಗೆಯದೆ ಕೂತ.

"ಆಯ್ತಾ?" ಎಂದಳು ಗ್ಲಫೀರ.

"ಆಯ್ತು. ಮುದ್ರೆ ಬಿತ್ತು." ಅವಳು ಕೊಟ್ಟ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಕೇಳು. ಒಳಗೆ ಹೋದೆ. ಹದಿನೇಳು ವರ್ಷದಿಂದ ಅದೇ ಡಾಕ್ಟ್ರಮ್ಮ ಕೂತಿರೋದು, ಒಂದ್ಸಲ ತಲೆ ಎತ್ತಿದ್ದಿಲ್ಲ. ಈ ಸಲ ನಾನು ಪ್ಯಾಂಟ್ ಸುತ್ತಿದೆ. ಬಾಯಿ ತೆಗೀಬೇಕು, ಅಷ್ಟರಲ್ಲಿ ತಲೆ ಎತ್ತಿ ನಕ್ಕಳು ನೋಡು. 'ಏನಜ್ಜ, ನೀವೂ ಆ ಸಿನಿಮಾದಂಗೇ ಮಾಡ್ತೀರಾ? ಬೆಳಗಿಂದ ಬಂದೋರೆಲ್ಲ ಅದನ್ನೇ ಹೇಳ್ತಿದಾರೆ, ಸಾಕಾಗಿಹೋಯ್ತು' ಅಂದ್ಳು."

ಗ್ಲಫೀರ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನೀನೇನಂದೆ?"

"ಏನನ್ನಲಿ? ಆ ಸಿನಿಮಾನೇ ನನ್ನಂಗೆ ಮಾಡಿದ್ದು ಅನ್ನಲಾ? ಕಾಪಿ ಹೊಡೆಯೋ ಮುದುಕ ಅನ್ನಿಸ್ಕೊಂಡು ಬಂದೆ."

"ಅವ್ದೇಯ್," ಎಂದಳು. ನಿಂತುಕೊಂಡೇ, ಉಸಿರು ತೆಗೆಯದೆ ಹೇಳಿ ಮುಗಿಸಿದಳು: ನಾಯಿಯ ವಿಷಯ, ಅಂಚೆ ಕಚೇರಿಯ ಫೋನು, ನನ್ನದನ್ನು ತೆಗೆದು ನಿನ್ನದನ್ನು ಉಳಿಸಬಹುದಿತ್ತು, ನನ್ನನ್ನೇ ಕೇಳಿದರು, ನಾನು ಬೇಡ ಅಂದೆ. "ನನಗೆ ಅದು ಬೇಕಿತ್ತು. ನಿನಗಿಂತ ಜಾಸ್ತಿ ಬೇಕಿತ್ತು. ತಪ್ಪು ಮಾಡಿದೆ."

ಬಯ್ಯಲಿ ಎಂದು ಅವಳು ಕಾದಳು.

"ಒಲೆದು ಹೋದ್ರೆ ಹೋಗ್ಲಿ," ಎಂದ ಕೊನೆಗೆ. "ನಾನು ಬರೆದಿದ್ದಲ್ಲ ಅದು, ಲ್ಯಾಲಿನ್ ಬರೆದಿದ್ದು. ಆದ್ರೆ ಆ ಕೋಣೆಗೆ ಹೋಗಿ ನಿಲ್ಲೋಕೆ ನನ್ನ ಹತ್ರ ಇದ್ದಿದ್ದು ಆ ಒಂದು ಮಾತು ಗ್ಲಾಶ. ಅದನ್ನ ಹೇಳ್ತೀನಿ ಅನ್ನೋ ಧೈರ್ಯದ ಮೇಲೆ ಪ್ಯಾಂಟ್ ಸುತ್ತುತಿದ್ದೆ. ಇವತ್ತು ಸುಮ್ನೆ ಸುತ್ತಿದೆ, ತೋರಿಸಿದೆ, ಇಳಿಸಿದೆ, ಬಂದೆ."

ಲೋಟ ಕೆಳಗಿಟ್ಟು ಅವಳತ್ತ ತಿರುಗಿದ.

"ನನಗೊಂದು ಹೊಸ ಮಾತು ಕೊಡು. ಮುಂದಿನ ವರ್ಷವೂ ಹೋಗ್ಬೇಕಲ್ಲ."

ಗ್ಲಫೀರ ಅವನೆದುರು ಕೂತಳು. ದಾದಿಯರು ಆಡಿದ್ದು, ಅತ್ತೆಯರು ಆಡಿದ್ದು, ಮದುವೆ ಕುದುರಿಸುವವರು ಆಡಿದ್ದು, ಮೂವತ್ತಾರು ವರ್ಷದ ಮಾತುಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿದಳು. ಚಹಾ ಆರಿತು. ಅವನು ಅವಸರ ಮಾಡಲಿಲ್ಲ, ಯಾರಾದರೂ ಮಾತು ಮರೆತು ನಿಂತರೆ ಎಷ್ಟು ಹೊತ್ತು ಕಾಯಬೇಕೆಂದು ಅವನಿಗೆ ಗೊತ್ತಿತ್ತು. ಅವಳಿಗೆ ಒಂದೂ ಸಿಗಲಿಲ್ಲ.